ಹೆಸರು ಅಳಿಸಿದ ಮೇಲೆ ಯಾವ ಧ್ಯಾನ?

ಆರ್ಕಿಟೆಕ್ಚರ್ ಓದುವ ನಮ್ಮ ಮಕ್ಕಳಿಗೆ, ಅವರಿಗೆ ಮಾರ್ಕ್ಸ್ ಹಾಕೋ ಮೇಷ್ಟ್ರುಗಳಿಗೆ ಒಂದು ಮಾತು. ಸ್ವಲ್ಪ ಉದ್ದ ಇದೆ, ಓದಿ.

ನಮ್ಮ ಸಂಘಟನೆಯ ಹುಡುಗಿಯೊಬ್ಬಳು ಕೊನೇ ವರ್ಷದ ಪ್ರಾಜೆಕ್ಟಿಗೆ ಕಂಬಾಲಪಲ್ಲಿಯ ನೆನಪಿನ ಮ್ಯೂಸಿಯಂ ಆರಿಸಿಕೊಂಡಿದ್ದಾಳೆ. ನಕ್ಷೆಯಲ್ಲಿ ಒಂದು ಉದ್ದ ಗೋಡೆ, ಅದರ ಮೇಲೆ ಸತ್ತವರ ಹೆಸರು, ಕೇಸಿನ ಕತೆ. ಮೇಷ್ಟ್ರು ಅಂದರಂತೆ: ಇದು ಪ್ರತಿಭಟನೆಯ ಬ್ಯಾನರ್ ಅಲ್ಲ, ಬರಹ ತೆಗಿ. ಬಂದವರು ಧ್ಯಾನಕ್ಕೆ ಇಳಿಯಬೇಕು. ಬೆಳಕು, ನೀರು, ಖಾಲಿ ಜಾಗ ಸಾಕು.

ಸ್ವಾಮಿ, ಆ ಗೋಡೆ ಮೇಲಿದ್ದದ್ದೇನು? 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕು, ಜೀವಂತ ಸುಟ್ಟುಹೋದ ಏಳು ಮಂದಿ ದಲಿತರು. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಷ್ಟನ್ನೂ ಒರೆಸಿದರೆ ಉಳಿಯೋದು ಯಾರದ್ದೂ ಅಲ್ಲದ ಒಂದು ಚೆಂದದ ದುಃಖ. ನಾನು ಗುಮಾಸ್ತ. ಹೆಸರು, ತಾರೀಖು ಇಲ್ಲದ ಅರ್ಜಿ ನಮ್ಮ ಟೇಬಲ್ ದಾಟಲ್ಲ. ಏಳು ಸಾವಿಗೆ ಮಾತ್ರ ಅದು ಬೇಡವಾ?

ಇನ್ನು ಆ ನೀರು. ಧ್ಯಾನ ಅಂದ ಕೂಡಲೇ ಇವರು ಒಂದು ಕೊಳ ಬರೀತಾರೆ. ನೋಡಬೇಕು, ಮುಟ್ಟಬಾರದು! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಪ್ರತಿಬಿಂಬ ನೋಡೋಕಲ್ಲ, ನೀರು ಕುಡಿಯೋಕೆ. ಆಮೇಲೆ ಸವರ್ಣೀಯರು ಆ ಕೆರೆಯನ್ನು 'ಶುದ್ಧ' ಮಾಡಿದರು. ನಮ್ಮ ಮ್ಯೂಸಿಯಂನಲ್ಲಿ ನೀರಿದ್ದರೆ ಪಕ್ಕದಲ್ಲಿ ಲೋಟವೂ ಇರಲಿ.

ಬಾಗಿಲು ಗಿಡ್ಡ ಇರಲಿ, ಬರುವವರು ತಲೆ ಬಗ್ಗಿಸಲಿ ಅಂತಲೂ ಸಲಹೆ ಬಂತು. ವಿನಯ ಕಲಿಸೋಕಂತೆ. ನಮ್ಮ ಜನ ಇಲ್ಲಿವರೆಗೆ ಬಗ್ಗಿದ್ದು ಸಾಲದಾ?

ಧ್ಯಾನ ಬೇಡ ಅಂತಲ್ಲ, ಬುದ್ಧನ ದಾರಿ ಹಿಡಿದವರು ನಾವು. ಖಾಲಿ ಜಾಗದ ಬಗ್ಗೆ ಮಾತಾಡುವವರು 2001ರಲ್ಲಿ ತೆರೆದ ಬರ್ಲಿನ್ನಿನ ಯಹೂದಿ ಮ್ಯೂಸಿಯಂ ಸರಿಯಾಗಿ ನೋಡಲಿ. ಅಲ್ಲಿನ ಒಂದು ಖಾಲಿ ಜಾಗದ ನೆಲದಲ್ಲಿ ಬಾಯಿ ತೆರೆದ ಕಬ್ಬಿಣದ ಮುಖಗಳಿವೆ, ಹತ್ತು ಸಾವಿರಕ್ಕೂ ಹೆಚ್ಚು. ಮೇಲೆ ನಡೆದರೆ ಖಣಖಣ ಸದ್ದು. ಅಮೆರಿಕದ ಮಾಂಟ್ಗೊಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಗುಂಪು ಸೇರಿ ಕೊಂದ ಕಪ್ಪು ಜನರ ಹೆಸರು, ಕೊಂದ ಊರಿನ ಸೀಮೆ ಅದರ ಮೇಲೆ ಕೊರೆದಿದೆ. ಅದನ್ನು ಓದಿದ ಮೇಲೆ ಮನುಷ್ಯ ತಾನಾಗೇ ಸುಮ್ಮನಾಗ್ತಾನೆ. ಆ ಮೌನಕ್ಕೆ ಅರ್ಥ ಇದೆ.

ಥೀಸಿಸ್ ಮಾಡ್ತಿರೋ ಮಕ್ಕಳೇ, ಹೆಸರುಗಳನ್ನು ತೆಗೀಬೇಡಿ. ಮಾರ್ಕ್ಸ್ ಕೈಯಲ್ಲಿ ಇಟ್ಟುಕೊಂಡವರು ಹೆದರಿಸ್ತಾರೆ, ಗೊತ್ತು. ಅದಕ್ಕೇ ಇದನ್ನು ಓದುತ್ತಿರುವ ಆರ್ಕಿಟೆಕ್ಟ್ ಗೆಳೆಯರಲ್ಲಿ ಕೇಳ್ತಿದ್ದೀನಿ: ಈ ಮಕ್ಕಳ ನಕ್ಷೆ ನೋಡಿ, ಜ್ಯೂರಿ ಮುಂದೆ ಮಾತಾಡೋಕೆ ತಯಾರು ಮಾಡಿ. ಲೈಕ್ ಒತ್ತಿ ಸುಮ್ಮನಾಗಬೇಡಿ.

ಜೈ ಭೀಮ್.