ಚರ್ಮದ ಆಸನ, ಮಲೆನಾಡಿನ ಮಳೆಗಾಲ ಮತ್ತು ನಮ್ಮ ವ್ಯಾಪಾರ ಧರ್ಮ

ಲೆಕ್ಕಪರಿಶೋಧಕನಾದವನು ಸೋಫಾ ಒರೆಸುವ ಬಗ್ಗೆ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಖಾತೆ ಪುಸ್ತಕದಲ್ಲಿ ಕಾಣುವ ನಷ್ಟದ ಮೂಲ ಎಷ್ಟೋ ಸಲ ಖಾತೆ ಪುಸ್ತಕದ ಹೊರಗೇ ಇರುತ್ತದೆ ಎಂಬುದು ವೃತ್ತಿಯಲ್ಲಿ ನಾನು ಕಂಡುಕೊಂಡ ಸತ್ಯ. ಅಂತಹ ಒಂದು ಪ್ರಸಂಗವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಯತ್ತ ಏರುವ ದಾರಿಯಲ್ಲಿರುವ ಅತ್ತಿಗುಂಡಿಯಲ್ಲಿ ನಮ್ಮ ಕಕ್ಷಿದಾರರೊಬ್ಬರು ಕಾಫಿ ತೋಟದೊಂದಿಗೆ ಹೋಂಸ್ಟೇ ನಡೆಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಲೆಕ್ಕ ನೋಡಲು ಹೋದಾಗ, ಅತಿಥಿಗಳ ಹಜಾರದ ಚರ್ಮದ ಸೋಫಾ ಬೂದುಬಣ್ಣದ ಬೂಷ್ಟು ಹಿಡಿದು, ಕೂರುವ ಭಾಗ ಬಿರುಕು ಬಿಟ್ಟು, ಮೂಲೆಯಲ್ಲಿ ಬಟ್ಟೆ ಹೊದಿಸಿಕೊಂಡು ಕುಳಿತಿತ್ತು. ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಅದೇ ದಿನ ಅದೇ ಅಂಗಡಿಯಲ್ಲಿ ಕೊಂಡ ಜೊತೆಯ ಆಸನ ಮಾಲೀಕರ ಸ್ವಂತ ಕೋಣೆಯಲ್ಲಿ ಹೊಸದರಂತೆಯೇ ಇತ್ತು. ಅದಕ್ಕೆ ಒಣಬಟ್ಟೆ ಮತ್ತು ಗಾಳಿ ಬಿಟ್ಟರೆ ಬೇರೆ ಉಪಚಾರವಿರಲಿಲ್ಲ. ಹಜಾರದ ಸೋಫಾಕ್ಕೆ ಮಾತ್ರ ಮೊದಲು ನೆಲ ಒರೆಸುವ ದ್ರಾವಣ, ಅನಂತರ ಬಟ್ಟೆ ಸೋಪಿನ ನೀರು, ಕೊನೆಗೆ ಹೊಳಪಿಗಾಗಿ ಕೊಬ್ಬರಿ ಎಣ್ಣೆ ಸಂದಾಯವಾಗಿತ್ತು.

“ಅಂಗಡಿಯವರು ಹೇಳಿದ್ದನ್ನೇ ಮಾಡಿದೆವು ಸಾರ್, ನಮಗೇನು ಗೊತ್ತು?” ಎಂದರು ಮಾಲೀಕರು. ಬಿಲ್ಲಿನಲ್ಲಿ ಇದ್ದದ್ದು ‘ಲೆದರ್ ಸೋಫಾ ಸೆಟ್’ ಎಂಬ ಮೂರೇ ಪದ. ಕೂರುವ ಭಾಗ ಚರ್ಮ, ಬೆನ್ನು ಮತ್ತು ಪಕ್ಕಗಳು ರೆಕ್ಸಿನ್ ಎಂಬುದು ಆಸನವನ್ನು ಮಗುಚಿ ನೋಡಿದ ಮೇಲಷ್ಟೇ ತಿಳಿಯಿತು. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹಿಂದಿನ ವರ್ಷ ‘ಇತರೆ ನಿರ್ವಹಣಾ ವೆಚ್ಚ ಹೆಚ್ಚಾಯಿತು, ಕಡಿಮೆ ಮಾಡಿ’ ಎಂದು ಅವರಿಗೆ ಸಲಹೆ ಕೊಟ್ಟಿದ್ದವನು ನಾನೇ.

ಒಂದೇ ಹೆಸರು, ಹಲವು ವಸ್ತು

ಮಾರುಕಟ್ಟೆಯಲ್ಲಿ ‘ಲೆದರ್’ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ವಸ್ತುಗಳು ಮಾರಾಟವಾಗುತ್ತಿವೆ. ಮೇಲ್ಮೈಗೆ ಬಣ್ಣದ ರಕ್ಷಾಪದರ ಬಳಿದ ಪಿಗ್ಮೆಂಟೆಡ್ ಚರ್ಮ ಒಂದು. ಬಹುತೇಕ ಪದರವಿಲ್ಲದ, ನೀರನ್ನು ಹೀರುವ ಅನಿಲೀನ್ ಚರ್ಮ ಇನ್ನೊಂದು. ಮಖಮಲ್ಲಿನಂತಹ ನುಬಕ್ ಮತ್ತು ಸ್ವೇಡ್ ಮತ್ತೊಂದು. ಚರ್ಮದ ಚೂರುಗಳನ್ನು ಅರೆದು ಪಾಲಿಯುರಿಥೇನ್‌ನೊಂದಿಗೆ ಸೇರಿಸಿ ಮಾಡಿದ ಬಾಂಡೆಡ್ ಲೆದರ್ ಹಾಗೂ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದ ರೆಕ್ಸಿನ್ ಬೇರೆಯೇ ಜಾತಿಯವು.

ಇವುಗಳನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಆಸನದ ಅಡಿಯಲ್ಲಿ ಅಂಚನ್ನು ನೋಡಿದರೆ ಚರ್ಮದಲ್ಲಿ ನಾರುಗಳು ಕಾಣುತ್ತವೆ, ರೆಕ್ಸಿನ್‌ನಲ್ಲಿ ಬಟ್ಟೆಯ ಹಿಂಬದಿ ಕಾಣುತ್ತದೆ. ಕಾಣದ ಜಾಗದಲ್ಲಿ ಒಂದು ಹನಿ ನೀರು ಇಟ್ಟಾಗ ಅದು ಮಣಿಯಂತೆ ನಿಂತರೆ ರಕ್ಷಾಪದರವಿದೆ ಎಂದರ್ಥ. ಒಳಗಿಳಿದು ಕಪ್ಪಾದರೆ ಪದರವಿಲ್ಲದ ಚರ್ಮವೆಂದು ತಿಳಿಯಬೇಕು. ಯಾವ ದ್ರಾವಣ ಕೊಳ್ಳಬೇಕೆಂಬ ಪ್ರಶ್ನೆ ಈ ಪರೀಕ್ಷೆಯ ನಂತರವೇ ಹುಟ್ಟಬೇಕು.

ಕೆಡಿಸುವುದು ಯಾವುದು, ಉಳಿಸುವುದು ಯಾವುದು

ಹದಗೊಂಡ ಚರ್ಮ ಸ್ವಭಾವತಃ ಆಮ್ಲೀಯವಾದುದು. ಅದರ ಪಿಎಚ್ ಪ್ರಮಾಣ ಸುಮಾರು 3.5ರಿಂದ 5ರ ನಡುವೆ ಇರುತ್ತದೆ. ಬಟ್ಟೆ ಸೋಪು ಕ್ಷಾರೀಯ. ಅದರ ಪಿಎಚ್ 9ನ್ನು ಮೀರುತ್ತದೆ. ಪದೇ ಪದೇ ಸೋಪು ತಾಗಿದ ಚರ್ಮದ ನಾರು ಉಬ್ಬಿ, ಒಳಗಿನ ಜಿಡ್ಡು ಕಳೆದುಕೊಂಡು ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುವ ಪದಾರ್ಥ. ಅತ್ತಿಗುಂಡಿಯ ಚಳಿಯಲ್ಲಿ ಅದು ಚರ್ಮದ ಮೇಲೆ ಕುಳಿತು ಧೂಳನ್ನು ಹಿಡಿದು ಬೂಷ್ಟಿಗೆ ಆಹಾರವಾಗುತ್ತದೆ. ಬೂಟ್ ಪಾಲಿಷ್ ಅತಿಥಿಗಳ ಉಡುಪಿಗೆ ಅಂಟುತ್ತದೆ. ಥಿನ್ನರ್ ಮತ್ತು ಬ್ಲೀಚು ರಕ್ಷಾಪದರವನ್ನೇ ಕೀಳುತ್ತವೆ. 2020ರ ಕೋವಿಡ್ ಕಾಲದಲ್ಲಿ ಸ್ಯಾನಿಟೈಸರನ್ನು ಆಸನಗಳ ಮೇಲೆ ನೇರವಾಗಿ ಸಿಂಪಡಿಸಿ ಬಣ್ಣ ಕಳೆದುಕೊಂಡವರೂ ಉಂಟು.

ಬೂಷ್ಟು ಬಂದಾಗ ಮೊದಲ ಕೆಲಸ ಒದ್ದೆ ಮಾಡುವುದಲ್ಲ, ಒಣಗಿಸುವುದು. ಆಸನವನ್ನು ನೆರಳಿನಲ್ಲಿ ಹೊರಗಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೃದು ಬ್ರಶ್ಶಿನಿಂದ ಒಣದಾಗಿಯೇ ಬೂಷ್ಟನ್ನು ತೆಗೆಯಬೇಕು. ಪಿಗ್ಮೆಂಟೆಡ್ ಚರ್ಮವಾದರೆ ಕ್ಷಾರವಿಲ್ಲದ ಚರ್ಮದ ಕ್ಲೀನರನ್ನು ಆಸನಕ್ಕಲ್ಲ, ಬಟ್ಟೆಗೆ ಹಾಕಿ ಹಗುರವಾಗಿ ಒರೆಸಬೇಕು. ಅನಂತರ ಫ್ಯಾನಿನ ಗಾಳಿಗೆ ಆರಿಸಬೇಕೇ ಹೊರತು ಬಿಸಿಲಿಗಾಗಲಿ ಬೆಂಕಿಯ ಕಾವಿಗಾಗಲಿ ಒಡ್ಡಕೂಡದು. ಪೂರ್ಣ ಆರಿದ ಮೇಲೆ ಕಂಡೀಷನರನ್ನು ತೆಳುವಾಗಿ ಸವರಬಹುದು. ವರ್ಷಕ್ಕೆ ಎರಡು ಸಲ ಸಾಕು. ನುಬಕ್, ಸ್ವೇಡ್‌ಗಳಿಗೆ ಕ್ರೀಮು ತಾಗಿಸಬಾರದು, ಅವುಗಳದೇ ಬ್ರಶ್ ಬಳಸಬೇಕು. ಅನಿಲೀನ್ ಚರ್ಮದ ಕಲೆಯನ್ನು ನುರಿತವರಿಗೆ ಬಿಡುವುದು ಲೇಸು. ರೆಕ್ಸಿನ್‌ಗೆ ಮೃದು ಸೋಪಿನ ನೀರೇ ಸಾಕು. ಅದು ಕಂಡೀಷನರನ್ನು ಹೀರುವುದೇ ಇಲ್ಲವಾದ್ದರಿಂದ ಅಲ್ಲಿ ದುಬಾರಿ ಶೀಶೆ ವ್ಯರ್ಥ ಖರ್ಚು. ಇವೆಲ್ಲಕ್ಕೂ ಮಿಗಿಲಾಗಿ, ಕೋಣೆಯ ಆರ್ದ್ರತೆ ಶೇ. 70 ದಾಟಿದರೆ ಬೂಷ್ಟು ಮರಳಿ ಬಂದೇ ಬರುತ್ತದೆ. ಆಸನವನ್ನು ಗೋಡೆಯಿಂದ ದೂರವಿಟ್ಟು ಗಾಳಿಯಾಡಿಸುವುದೇ ಅಗ್ಗದ ಔಷಧ.

ಲೆಕ್ಕದ ಮಾತು

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಉದಾಹರಣೆಗೆ 1,00,000 ರೂಪಾಯಿಯ ಸೋಫಾ ಒಂದನ್ನು ತೆಗೆದುಕೊಳ್ಳೋಣ. ಆದಾಯ ತೆರಿಗೆಯಲ್ಲಿ ಪೀಠೋಪಕರಣಕ್ಕೆ ಸಿಗುವ ಸವಕಳಿ, ಇಳಿಕೆಯ ಮೌಲ್ಯದ ಮೇಲೆ ಶೇ. 10. ಮೊದಲ ವರ್ಷ 180 ದಿನಗಳಿಗೆ ಕಡಿಮೆಯಿಲ್ಲದೆ ಬಳಸಿದ್ದರೂ ಮೂರು ವರ್ಷಗಳ ಕೊನೆಗೆ 72,900 ರೂಪಾಯಿ ಉಳಿದಿರುತ್ತದೆ. ಸೋಫಾ ತಿಪ್ಪೆ ಸೇರಿದರೂ ಈ ಮೊತ್ತ ಒಂದೇ ಏಟಿಗೆ ವೆಚ್ಚವಾಗುವುದಿಲ್ಲ. ಆಸ್ತಿಗಳ ಗುಂಪಿನಲ್ಲಿ ಉಳಿದು ವರ್ಷ ವರ್ಷ ಶೇ. 10ರಂತೆ ಸವೆಯುತ್ತದೆ. ಅಂದರೆ ಹಣ ಇಂದು ಹೋಯಿತು, ತೆರಿಗೆಯ ಸಮಾಧಾನ ಬಹುಕಾಲದ ಮೇಲೆ. ಶುಚಿಗೊಳಿಸುವ ವೆಚ್ಚವಾದರೋ ಅದೇ ವರ್ಷ ಪೂರ್ತಿ ಕಳೆತಕ್ಕೆ ಅರ್ಹ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ ಎರಡಕ್ಕೂ ಪ್ರತ್ಯೇಕ ಕಳೆತವಿಲ್ಲ. ಅವರಿಗೆ ಹಾಳಾದ ಸೋಫಾ ಪೂರ್ಣ ಸ್ವಂತ ನಷ್ಟ.

2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯು ಹೋಟೆಲುಗಳ ಪೀಠೋಪಕರಣಕ್ಕೆ 8 ವರ್ಷಗಳ ಆಯುಸ್ಸನ್ನು ಸೂಚಿಸುತ್ತದೆ. ನಮ್ಮ ಸೋಫಾ ಅಷ್ಟು ಕಾಲ ಬಾಳಿ, ಆರೈಕೆಗೆ ವರ್ಷಕ್ಕೆ 4,000 ರೂಪಾಯಿ ತಗಲಿತೆಂದು ಇಟ್ಟುಕೊಂಡರೂ ವಾರ್ಷಿಕ ಹೊರೆ 16,500. ಮೂರೇ ವರ್ಷಕ್ಕೆ ಬದಲಿಸಿದರೆ ವರ್ಷಕ್ಕೆ 33,000ಕ್ಕೂ ಮಿಕ್ಕು. ಉಳಿತಾಯವೆಂದು ನಾನು ಸೂಚಿಸಿದ್ದ ಕಡಿತದ ನಿಜವಾದ ಬೆಲೆ ಇದು.

ನಮ್ಮ ಹೊಣೆ

ಆದರೆ ತಪ್ಪೆಲ್ಲವೂ ಗ್ರಾಹಕನದು ಎನ್ನುವುದು ನ್ಯಾಯವಲ್ಲ. ‘ಲೆದರ್’ ಎಂದಷ್ಟೇ ಬರೆದು ಕೊಟ್ಟ ವರ್ತಕ, ‘ಎಲ್ಲ ಬಗೆಯ ಲೆದರಿಗೂ ಸೂಕ್ತ’ ಎಂದು ಶೀಶೆಯ ಮೇಲೆ ಮುದ್ರಿಸಿದ ತಯಾರಕ, ಇಬ್ಬರಿಗೂ ಇದರಲ್ಲಿ ಪಾಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನ ಹೊಣೆಗಾರಿಕೆಯನ್ನು ಸ್ಪಷ್ಟಪಡಿಸಿದ್ದು, ಸರಿಯಾದ ಬಳಕೆಯ ಸೂಚನೆಯಾಗಲಿ ತಪ್ಪು ಬಳಕೆಯ ಎಚ್ಚರಿಕೆಯಾಗಲಿ ಇಲ್ಲದ ಉತ್ಪನ್ನದಿಂದ ಗ್ರಾಹಕನ ಸ್ವತ್ತಿಗೆ ಹಾನಿಯಾದರೆ ತಯಾರಕನನ್ನು ಪ್ರಶ್ನಿಸಲು ಅವಕಾಶವಿದೆ. ಸಣ್ಣ ಘಟಕ ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದೆಂದು ಯಾರೂ ಭಾವಿಸಬಾರದು.

ಆದುದರಿಂದ ನನ್ನ ಸಲಹೆಗಳು ಮೂರು. ಪೀಠೋಪಕರಣ ವರ್ತಕರು ಬಿಲ್ಲಿನಲ್ಲಿ ಯಾವ ಭಾಗ ಯಾವ ವಸ್ತುವಿನದು ಎಂದು ನಮೂದಿಸಿ, ಆರೈಕೆಯ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಕೊಡಬೇಕು. ಶುಚಿಕಾರಕ ತಯಾರಿಸುವ ಸದಸ್ಯರು ಪಿಎಚ್ ಪ್ರಮಾಣವನ್ನೂ, ಯಾವ ಚರ್ಮಕ್ಕೆ ಸಲ್ಲದು ಎಂಬುದನ್ನೂ ಲೇಬಲ್ಲಿನಲ್ಲಿ ತಾವಾಗಿಯೇ ಮುದ್ರಿಸಬೇಕು. ನಮ್ಮ ಸಂಸ್ಥೆಯು ಚೆನ್ನೈನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಜ್ಞರನ್ನು ಮಳೆಗಾಲಕ್ಕೆ ಮುನ್ನ ಆಹ್ವಾನಿಸಿ, ವರ್ತಕರಿಗೂ ಹೋಂಸ್ಟೇ ಮಾಲೀಕರಿಗೂ ಒಂದು ದಿನದ ಕಾರ್ಯಾಗಾರ ಏರ್ಪಡಿಸಬೇಕು. 1948ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಜ್ಞಾನ ನಮ್ಮ ಬೆಟ್ಟದ ದಾರಿಗೂ ತಲುಪಲಿ.

ಅತ್ತಿಗುಂಡಿಯ ಕಕ್ಷಿದಾರರು ಹೊಸ ಸೋಫಾ ಕೊಳ್ಳುವ ಸಿದ್ಧತೆಯಲ್ಲಿದ್ದಾರೆ. ಈ ಸಲ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಆಸನವನ್ನು ಮಗುಚಿ ನೋಡುವುದಾಗಿ ತಿಳಿಸಿದ್ದಾರೆ. ಅವರು ಹಾಗೆ ಮಗುಚಿ ನೋಡಿದಾಗ ತಲೆ ತಗ್ಗಿಸುವ ಪ್ರಸಂಗ ನಮ್ಮ ಯಾವ ವರ್ತಕ ಬಂಧುವಿಗೂ ಬಾರದಿರಲಿ. ನನ್ನ ಮಟ್ಟಿಗೆ ಹೇಳುವುದಾದರೆ, ನಿರ್ವಹಣಾ ವೆಚ್ಚದ ಕೆಳಗೆ ಕೆಂಪು ಗೆರೆ ಎಳೆಯುವ ಮುನ್ನ ಆ ವಸ್ತುವನ್ನೊಮ್ಮೆ ಕಣ್ಣಾರೆ ಕಂಡು ಬರುವ ಅಭ್ಯಾಸ ಆರಂಭಿಸಿದ್ದೇನೆ.