ವಿಭಕ್ತಿಗೆ ಜಾಗ ಕೊಡದ ನಿಯಮ

ಪೈಥಾನ್ ಕೈಪಿಡಿಗಳಿಗೆ ಬಳಸುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಪದವನ್ನು ಓರೆ ಅಕ್ಷರದಲ್ಲಿ ತೋರಿಸಲು ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕುತ್ತೇವೆ. ಕೊನೆಯ ನಕ್ಷತ್ರದ ಬೆನ್ನಿಗೆ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರಲೇಬೇಕು. ಇಂಗ್ಲಿಷಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ನಾನು ಕನ್ನಡದಲ್ಲಿ ಕೈಪಿಡಿ ಬರೆಯುವವಳು. *ಕಡತ*ದಲ್ಲಿ ಎಂದು ಬರೆದರೆ, ನಕ್ಷತ್ರಕ್ಕೆ ಅಂಟಿಕೊಂಡ ‘ದಲ್ಲಿ’ ಎಂಬ ವಿಭಕ್ತಿಯನ್ನು ಕಂಡು, ಗುರುತುಗಳನ್ನು ಓದುವ ಪಾರ್ಸರ್ ಗುರುತು ಮುಗಿಯಿತೆಂದು ಒಪ್ಪುವುದೇ ಇಲ್ಲ. *ಕಡತ*\ ದಲ್ಲಿ ಎಂದು ನಡುವೆ ಬ್ಯಾಕ್‌ಸ್ಲ್ಯಾಶ್, ಖಾಲಿ ಜಾಗ ತುರುಕಬೇಕು. ಪ್ರತಿ ವಾಕ್ಯದಲ್ಲೂ ಹೀಗಾದರೆ ಕರಡು ತಿದ್ದುವವರ ಗತಿಯೇನು? ಇಂಥದ್ದೇ ಇನ್ನೊಂದು ಗುರುತು ಪದ್ಧತಿಯಾದ ಮಾರ್ಕ್‌ಡೌನ್‌ಗಾಗಿ 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮಾವಳಿ ಪದದ ನಡುವಿನ ನಕ್ಷತ್ರವನ್ನು ಒಪ್ಪುತ್ತದೆ, ಅಡಿಗೆರೆಯನ್ನಲ್ಲ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಓದುವ ಡಾಕ್ಯುಟಿಲ್ಸ್‌ನಲ್ಲೂ ಈ ಕಟ್ಟು ಸಡಿಲಿಸುವ ಆಯ್ಕೆಯಿದೆ. ಆದರೆ ಅದನ್ನು ಹುಡುಕಿ ಚಾಲೂ ಮಾಡಬೇಕು. ಕನ್ನಡ ಕಡತಗಳಿಗಾದರೂ ಅದು ಮೊದಲಿನಿಂದಲೇ ಚಾಲೂ ಇರಲಿ.