ಪಥ್ಯ ಹೇಳುವವರು ಯಾರು?

ಭಾಲ್ಕಿಯ ನಮ್ಮ ಬಂಧುವೊಬ್ಬರಿಗೆ ಮೂತ್ರಪಿಂಡದ ಬೇನೆ. ಬೀದರಿನಲ್ಲಿ ‘ಆಹಾರತಜ್ಞ’ನೆಂದು ಹಲಗೆ ತೂಗುಹಾಕಿದ್ದ ಒಬ್ಬಾತ ಅವರಿಗೆ ಜೋಳದ ರೊಟ್ಟಿ ಬಿಡಿಸಿ, ಪ್ರೋಟೀನಿನ ಪುಡಿಯ ಡಬ್ಬಿಯನ್ನು ಮಾರಿದನು. ಬೇನೆ ಉಲ್ಬಣಿಸಿತು. ಔರಾದಿನಿಂದ ಮಗಳು ಧಾವಿಸಿ ಬಂದು ವೈದ್ಯರಲ್ಲಿಗೆ ಕರೆದೊಯ್ದಳು. ಅವರು ಮೊದಲು ನಿಲ್ಲಿಸಿದುದು ಆ ಡಬ್ಬಿಯನ್ನೇ!

ಔಷಧದಂತೆ ಪಥ್ಯಕ್ಕೂ ಅಳತೆಯುಂಟು. ಸಂಸತ್ತು 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿ, ಪಥ್ಯಾಹಾರ ತಜ್ಞರನ್ನೂ ಅದರ ವ್ಯಾಪ್ತಿಗೆ ತಂದಿತು. ರಾಜ್ಯಕ್ಕೊಂದು ಪರಿಷತ್ತು, ಅರ್ಹರ ಹೆಸರಿಗೊಂದು ನೋಂದಣಿ ಪುಸ್ತಕ—ಇದು ಅದರ ಏರ್ಪಾಡು. ಆದರೆ ದಿಲ್ಲಿಯ ಕಾಯಿದೆ ನಮ್ಮೂರಿನ ಓಣಿಯನ್ನು ಮುಟ್ಟುವವರೆಗೆ ಮನೆಯ ಕಾವಲು ನಮ್ಮದೇ. “ಏನು ಓದಿದ್ದೀರಿ? ಎಲ್ಲಿ ನೋಂದಾಯಿಸಿದ್ದೀರಿ?” ಎಂದು ಕೇಳುವುದು ಅವಿನಯವಲ್ಲ, ಓದುಗರೇ, ಕೇಳದಿರುವುದು ಅವಿವೇಕ.